ದನದ ಕಾಲೇಜಿಗೆ ತಿರಕಪ್ಪ ಬರೆದ ಹಾಳೆ

ಹ್ಞೂಂಗುಟ್ಟುವವರು ಮುಂದೆ ಬನ್ನಿ, ಆಕಳಿಸುವವರು ಹಿಂದೆ ಕೂತುಕೊಳ್ಳಿ. ಇದು ತಿರಕಪ್ಪನ ಕತೆ. ನಗು ಬಂದಲ್ಲಿ ನಗಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಅವನ ಅವ್ವ ನಿಂಬೆವ್ವನ ಮುಂದೆ ಮಾತ್ರ ಈ ಕತೆ ಎತ್ತಬೇಡಿ.

ನಿಂಬೆವ್ವ ಪೇಟೆಯ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವವಳು. ಗಂಡ ತೀರಿಕೊಂಡಿದ್ದ. ಮೊದಲೆರಡು ಕೂಸು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಹುಟ್ಟಿದಾಗ, ತಿರಿದು ತಂದ ಕೂಸು ಅಂದುಬಿಟ್ಟರೆ ಸಾವು ಇತ್ತ ತಿರುಗಿ ನೋಡುವುದಿಲ್ಲ ಎಂದು ತಿರಕಪ್ಪ ಅಂತ ಹೆಸರಿಟ್ಟಳು. ಸಾವು ನೋಡಲಿಲ್ಲ, ನಿಜ. ಬುದ್ಧಿಯೂ ನೋಡಲಿಲ್ಲ ಅಂತ ಓಣಿಯ ಜನ ನಗುತ್ತಿದ್ದರು.

ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗ ಅವನು. "ಹಾಲು ಉಕ್ಕಿದ್ರ ನನ್ನ ಕರಿ" ಅಂದರೆ, ಹಾಲೆಲ್ಲ ಉಕ್ಕಿ ಒಲೆ ಆರುವ ತನಕ ಕೈಕಟ್ಟಿ ನಿಂತು, ಆಮೇಲೆ "ಯವ್ವಾ, ಉಕ್ಕಿತು ಬಾ!" ಅಂತ ಕೂಗುವನು. ಬೈದರೆ ಅಳುವವನಲ್ಲ, ಎದುರಾಡುವವನೂ ಅಲ್ಲ. "ಆಗಲೆವ್ವ, ಇನ್ನ ಮುಂದ ಹಂಗ ಮಾಡ್ತೀನಿ" ಅನ್ನುವನು. ಹಾಗೇ ಮಾಡುವನು. ತಾಪತ್ರಯ ಇದ್ದದ್ದೇ ಅಲ್ಲಿ.

ದನಗಳ ಮುಂದೆ ಮಾತ್ರ ಅವನು ಪೆದ್ದ ಅಲ್ಲ. ಯಾರು ಹತ್ತಿರ ಹೋದರೂ ಒದೆಯುವ ಎಮ್ಮೆ ಇವನು ಹೋದರೆ ಕಿವಿ ಅಲ್ಲಾಡಿಸಿಕೊಂಡು ನಿಲ್ಲುತ್ತಿತ್ತು. ಅದು ಯಾಕೆ ಅಂತ ಅವನಿಗೂ ತಿಳಿಯದು, ಎಮ್ಮೆಯಂತೂ ಹೇಳದು.

ಮೂರು ಸಲ ಕೂತು ಹತ್ತನೇ ತರಗತಿ ಪಾಸಾದ. ಆಗ ಸಾಲಿಯ ಕೋಳಿವಾಡ ಮಾಸ್ತರು ಒಂದು ಸುದ್ದಿ ತಂದರು. ಹೊಳೆಯಾಚೆ ಒಂದು ಕಾಲೇಜಿದೆ. ದನ ಸಾಕುವುದು, ದನಕ್ಕೆ ಔಷಧ ಮಾಡುವುದು ಕಲಿಸುತ್ತಾರೆ. ದನದ ಕಾಲೇಜು ಅಂತಲೇ ಅದಕ್ಕೆ ಹೆಸರು. ಎರಡು ವರ್ಷ ಅಲ್ಲೇ ಊಟ, ಅಲ್ಲೇ ಇರುವುದು. ಕಲಿತು ಬಂದವರಿಗೆ ಡೇರಿಯಲ್ಲಿ ಕೆಲಸ. ಎಷ್ಟು ಅಂಕ ಅಂತ ಕೇಳುವುದಿಲ್ಲ. ಅರ್ಜಿಯ ಜೊತೆ 'ಈ ಕಾಲೇಜನ್ನೇ ಏಕೆ ಆರಿಸಿಕೊಂಡಿರಿ?' ಅಂತ ಒಂದು ಹಾಳೆ ಬರೆದು ಕಳಿಸಬೇಕು. ಅದನ್ನು ಓದಿ ಮನಸ್ಸಿಗೆ ಬಂದವರನ್ನು ಕರೆಸುತ್ತಾರೆ.

"ಆದ್ರ ನಿಂಬೆವ್ವ, ಹತ್ತೊಂಬತ್ತು ದಾಟಿದವರನ್ನ ತಗೊಳಂಗಿಲ್ಲ. ಇವಂಗ ಇದ ಕಡೀ ವರ್ಷ" ಅಂದರು ಮಾಸ್ತರು.

ನಿಂಬೆವ್ವನಿಗೆ ಆ ರಾತ್ರಿಯೆಲ್ಲ ಅದೇ ಧ್ಯಾನ. ತಾನು ಕಣ್ಣು ಮುಚ್ಚಿದರೆ ಇವನನ್ನು ಕೇಳುವವರು ಯಾರು? ಜನ ನಗಲಿಕ್ಕೆ ಕರೆಯುತ್ತಾರೆ, ಉಣ್ಣಲಿಕ್ಕೆ ಕರೆಯುವುದಿಲ್ಲ. ಮಗನಿಗೆ ಒಂದು ಕೆಲಸ, ಒಂದು ಮರ್ಯಾದೆ ಆಗುವುದಿದ್ದರೆ ಅದು ಆ ಕಾಲೇಜಿನಿಂದಲೇ. ಅಷ್ಟು ಅವಳಿಗೆ ಖಚಿತವಾಯಿತು.

ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತಾಗ ತಿರಕಪ್ಪ ಹಾಳೆ, ಪೆನ್ನು ಹಿಡಿದು ಬಂದ. "ಏನ ಬರೀಲಿ ಯವ್ವಾ?"

"ಖರೇ ಇದ್ದದ್ದು ಬರಿ. ಸುಳ್ಳ ಬರೀಬ್ಯಾಡ."

"ಆಗಲೆವ್ವ" ಅಂದ. ಬರೆದ. ಬರೆದು ಗಟ್ಟಿಯಾಗಿ ಓದಿದ.

'ಈ ಕಾಲೇಜನ್ನು ನಾನು ಆರಿಸಿಕೊಂಡಿಲ್ಲ. ನಮ್ಮವ್ವ ಆರಿಸಿದ್ದು. ಬೇರೆ ಕಾಲೇಜಿನವರು ನನ್ನನ್ನು ತೆಗೆದುಕೊಳ್ಳುವುದಿಲ್ಲ. ಇಲ್ಲಿ ಊಟ ಪುಕ್ಕಟೆ. ನಾನು ಒಂದು ಹೊತ್ತಿಗೆ ಆರು ರೊಟ್ಟಿ ತಿನ್ನುತ್ತೇನೆ. ಪಕ್ಕದ ಮನೆ ಎಮ್ಮೆಯ ಕರು ಸತ್ತಾಗ ಎಮ್ಮೆ ಮೇವು ಬಿಟ್ಟಿತ್ತು. ಎರಡು ದಿನ ಅದರ ಹತ್ತಿರ ಸುಮ್ಮನೆ ಕೂತಿದ್ದೆ. ಮೂರನೇ ದಿನ ತಿಂದಿತು. ಯಾಕೆ ತಿಂದಿತು ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿಕೊಡಿರಿ.'

ಎಮ್ಮೆಯ ಮಾತು ನಿಂಬೆವ್ವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆರು ರೊಟ್ಟಿಯ ಹತ್ತಿರವೇ ಅವಳ ಮಾನ ಹೋಗಿತ್ತು.

"ಹುಚ್ಚ ಖೋಡಿ! ಊಟ ಪುಕ್ಕಟೆ ಅಂತ ಬರೀತಾರೇನೋ? ಆರು ರೊಟ್ಟಿ ಲೆಕ್ಕಾ ಕೊಡ್ತಾರೇನೋ?"

"ಖರೇ ಬರಿ ಅಂತ ನೀನ ಹೇಳಿದ್ಯಲ್ಲವ್ವ!"

"ನನ್ನ ಹಣೇಬಾರ! ದೊಡ್ಡವರನ್ನ ಹೊಗಳಬೇಕೋ! ಏನ ಕಂಡ್ರೂ, 'ಆಹಾ, ಇಂಥಾದ್ದ ಎಲ್ಲೂ ನೋಡಿಲ್ರಿ' ಅನಬೇಕು!"

ಅಂದವಳೇ ಹಾಳೆಯನ್ನು ಒಲೆಗೆ ತುರುಕಿದಳು. ಅದು ಉರಿದು ಒಂದು ರೊಟ್ಟಿಯೂ ಬೇಯಲಿಲ್ಲ. ಆ ಹಾಳೆ ಸುಡಬಾರದಿತ್ತು ಅಂತ ಅವಳಿಗೆ ಅನ್ನಿಸಿದ್ದು ಬಹಳ ದಿನದ ಮೇಲೆ.

"ಆಗಲೆವ್ವ, ಇನ್ನ ಮುಂದ ಹಂಗ ಮಾಡ್ತೀನಿ" ಅಂದ ತಿರಕಪ್ಪ.

ಅರ್ಜಿಗೆ ನಡತೆಯ ಪತ್ರ ಬೇಕಿತ್ತು. ಮಾಸ್ತರ ಸಹಿ ತರಲು ಹೋದ. ಅದೇ ಹೊತ್ತಿಗೆ ಸೈಕಲ್ ಮೇಲೆ ಬರುತ್ತಿದ್ದ ಮಾಸ್ತರಿಗೆ ಹಂದಿಯೊಂದು ಅಡ್ಡ ಬಂತು. ಹಂದಿ ಪಾರಾಯಿತು, ಮಾಸ್ತರು ಗಟಾರಕ್ಕೆ ಬಿದ್ದರು. ಇಸ್ತ್ರಿ ಮಾಡಿದ ಬಿಳಿ ಧೋತರ, ಮೊಣಕಾಲುದ್ದ ರಾಡಿ! ತಿರಕಪ್ಪ ಎದುರಿಗೆ ನಿಂತು ಕೈಮುಗಿದ.

"ಆಹಾ ಮಾಸ್ತರ, ಏನ ಬಿದ್ರಿ! ಇಂಥಾ ಬೀಳೂದು ಎಲ್ಲೂ ನೋಡಿಲ್ರಿ! ಧೋತರಕ್ಕ ರಾಡಿ ಎಷ್ಟ ಒಪ್ಪೇತ್ರಿ!"

ಸಂತೆಗೆ ಹೊರಟ ಜನವೆಲ್ಲ ನಿಂತು ನಕ್ಕರು. ಮಾಸ್ತರು ಸಹಿ ಮಾಡಲಿಲ್ಲ. ನಿಂಬೆವ್ವ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ ಕಾಲು ಹಿಡಿದ ಮೇಲೆ ಮಾಡಿದರು.

"ಮೂಳಾ! ಬಿದ್ದವರನ್ನ ಹೊಗಳ್ತಾರೇನೋ?"

"ಏನ ಕಂಡ್ರೂ ಹೊಗಳು ಅಂತ ನೀನ ಹೇಳಿದ್ಯಲ್ಲವ್ವ!"

"ಹಂತಾದ್ದ ಕಂಡ್ರ, 'ಅಯ್ಯ ಪಾಪ, ಹಿಂಗಾಗಬಾರದಿತ್ತು, ದೇವರು ಧೈರ್ಯ ಕೊಡ್ಲಿ' ಅನಬೇಕು. ಎರಡ ಹನಿ ಕಣ್ಣೀರ ಹಾಕಬೇಕು. ತಿಳೀತೇನು?"

"ತಿಳೀತವ್ವ, ಇನ್ನ ಮುಂದ ಹಂಗ ಮಾಡ್ತೀನಿ."

ಅವತ್ತೇ ಕೂತು ಎರಡನೇ ಹಾಳೆ ಬರೆದ.

'ಅಯ್ಯೋ ಪಾಪ. ಈ ಕಾಲೇಜು ಶುರುವಾಗಿ ಮೂವತ್ತು ವರ್ಷವಾಯಿತಂತೆ. ಹೀಗಾಗಬಾರದಿತ್ತು. ವರ್ಷಕ್ಕೆ ನಲವತ್ತು ಹುಡುಗರು ಅಂತೆ. ಯಾರ ಕೈಯಲ್ಲೇನಿದೆ. ಪ್ರಿನ್ಸಿಪಾಲರಿಗೆ ದೇವರು ಧೈರ್ಯ ಕೊಡಲಿ. ಕೆಳಗೆ ಎರಡು ಹನಿ ಕಣ್ಣೀರು ಹಾಕಿದ್ದೇನೆ.'

ಕಣ್ಣೀರು ಬಿದ್ದ ಜಾಗ ಯಾವುದೆಂದು ತಿಳಿಯಲಿ ಅಂತ ಸುತ್ತ ಪೆನ್ನಿನಿಂದ ಗೆರೆ ಎಳೆದಿದ್ದ. ಓದಿ ತೋರಿಸಿದಾಗ ನಿಂಬೆವ್ವ ಹಣೆ ಹಣೆ ಚಚ್ಚಿಕೊಂಡಳು.

"ಚಂದಂಗ ನಡದ ಕಾಲೇಜಿಗೆ ಯಾಕೋ ಅಳ್ತಿ? ಹರಸಬೇಕೋ! 'ಬೆಳೀಲಿ, ಹೆಚ್ಚಲಿ, ಒಂದಿದ್ದದ್ದು ಹತ್ತಾಗ್ಲಿ, ನೂರ ವರ್ಷ ಇರ್ಲಿ' ಅನಬೇಕೋ!"

"ಆಗಲೆವ್ವ, ಇನ್ನ ಮುಂದ ಹಂಗ ಅಂತೀನಿ."

ಮರುದಿನ ಮೈ ಆರೋಗ್ಯವಾಗಿದೆ ಅಂತ ಚೀಟಿ ತರಲು ದವಾಖಾನೆಗೆ ಹೋದ. ಕಂಪೌಂಡರನ ಕತ್ತಿನ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಕುರು ಎದ್ದಿತ್ತು. ಕತ್ತು ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ಮಾತಾಡುತ್ತಿದ್ದ ಪುಣ್ಯಾತ್ಮ. ತಿರಕಪ್ಪ ಎರಡೂ ಕೈ ಎತ್ತಿದ.

"ಬೆಳೀಲ್ರಿ! ಹೆಚ್ಚಲ್ರಿ! ಒಂದಿದ್ದದ್ದು ಹತ್ತಾಗಲ್ರಿ! ನೂರ ವರ್ಷ ಇರಲ್ರಿ!"

ಕಂಪೌಂಡರ ನೋವು ಮರೆತು ಬೆನ್ನಟ್ಟಿಕೊಂಡು ಬಂದ. ಮತ್ತೆ ನಿಂಬೆವ್ವ, ಮತ್ತೆ ರೊಟ್ಟಿ, ಮತ್ತೆ ಕಾಲು. ಚೀಟಿ ಸಿಕ್ಕಿತು. ಸಿಟ್ಟಿನಲ್ಲಿ ಮನೆಗೆ ಬಂದು ಮಗನ ಬಾಯಿಗೆ ಕೈ ಅಡ್ಡ ಹಿಡಿದಳು.

"ಸಾಕು! ಇನ್ನ ನಿನ್ನ ತಲಿಯಿಂದ ಒಂದ ಮಾತೂ ಹೊರಡಬಾರದು! ಮಾಸ್ತರ ಮನಿಗೆ ಹೋಗಿ ಕೂಡು. ಅವರು ಏನಂತಾರೋ ಅಷ್ಟ ಬರಿ, ಏನಂತಾರೋ ಅಷ್ಟ ಮಾಡು. ಒಂದ ಅಕ್ಷರ ಬಿಡಬ್ಯಾಡ, ಒಂದ ಅಕ್ಷರ ಹಚ್ಚಬ್ಯಾಡ!"

"ಆಗಲೆವ್ವ" ಅಂತ ಬೆರಳ ಸಂದಿಯಿಂದಲೇ ಅಂದ.

ಅರ್ಜಿ ಕಳಿಸಲು ಅದೇ ಕಡೆಯ ದಿನ. ಹೆಂಡತಿ ಅನಸಕ್ಕ ಚಹಾ ತಂದಿಟ್ಟಳು, ಮಾಸ್ತರು ಮಂಚದ ಮೇಲೆ ಒರಗಿ ಹೇಳಿದರು, ತಿರಕಪ್ಪ ಕೆಳಗೆ ಕೂತು ಬರೆದ. ಬರೆದು, ಮಡಿಚಿ, ಲಕೋಟೆಗೆ ಅಂಟು ಹಚ್ಚಿ, ಓಡಿಹೋಗಿ ಟಪಾಲಿಗೆ ಹಾಕಿ ಬಂದ. ಒಳಗೆ ಹೋದದ್ದು ಇದು.

'ಗೋಸಂಪತ್ತು ನಮ್ಮ ನಾಡಿನ ಬೆನ್ನೆಲುಬು. ಬರಕೊಂಡಿಯೇನು. ಹೈನುಗಾರಿಕೆ ರೈತನ ಆಸರೆ. ಅನಸಕ್ಕಾ, ಈ ಚಹಾಕ್ಕ ಸಕ್ಕರಿ ಹಾಕೀಯೋ ಇಲ್ಲೋ. ಆದ್ದರಿಂದ ಈ ಮಹಾವಿದ್ಯಾಲಯವನ್ನು ನಾನು. ಥೂ ಈ ನೊಣದ. ಅತ್ಯಂತ ಅಭಿಮಾನದಿಂದ ಆರಿಸಿಕೊಂಡಿದ್ದೇನೆ. ಏನಂದಿ ಅನಸಕ್ಕಾ. ಹೌದು, ಪೆದ್ದ ಖರೆ. ಆದ್ರ ನಮ್ಮ ಆಕಳ ಕಾಲ ಮುರದಾಗ ದಿನಾ ಬಂದು ತೊಳದು ಕಟ್ಟ ಕಟ್ಟಿದಾಂವ ಇವನ. ಡಾಕ್ಟರ್‌ನ ಸೈತ ಅದು ಹತ್ತಿರ ಬಿಡ್ಲಿಲ್ಲ, ಇವನ್ನ ಬಿಡ್ತು. ಇಂಥಾವಂಗ ಕಲಿಸಲಿಲ್ಲಂದ್ರ ಆ ಕಾಲೇಜ ಯಾಕ ಬೇಕು. ಇಂತಿ ತಮ್ಮ ವಿಧೇಯ. ಮುಗೀತು, ಪೆನ್ನ ಕೆಳಗ ಇಡು.'

ಮನೆಗೆ ಬಂದು ತಿರಕಪ್ಪ ಹೆಮ್ಮೆಯಿಂದ ಹೇಳಿದ. "ಒಂದ ಮಾತೂ ಬಿಟ್ಟಿಲ್ಲವ್ವ. ಚಹಾ ಬರದೀನಿ, ನೊಣಾನೂ ಬರದೀನಿ."

ನಿಂಬೆವ್ವ ಹಿಟ್ಟಿನ ಕೈಯಲ್ಲೇ ತಲೆ ಹಿಡಿದುಕೊಂಡು ಕೂತಳು. ಎರಡು ದಿನ ಮಗನ ಮುಖ ನೋಡಲಿಲ್ಲ. ಮುಗಿಯಿತು ಅಂದುಕೊಂಡಳು.

ಮುಗಿದಿರಲಿಲ್ಲ! ಮೂರು ವಾರಕ್ಕೆ ಪತ್ರ ಬಂತು. ತಿರಕಪ್ಪ ಇಂಥ ದಿನ ಕಾಲೇಜಿಗೆ ಬರಬೇಕು, ಪ್ರಿನ್ಸಿಪಾಲರು ಮಾತಾಡಿಸುತ್ತಾರೆ ಅಂತ ಬರೆದಿತ್ತು. ಮಾಸ್ತರು ಪತ್ರವನ್ನು ಎರಡು ಸಲ ಓದಿ, ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನಿಂಬೆವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಹುಚ್ಚು ಮುಂಡೆ ಮಗನೂ ಒಂದು ಗತಿ ಕಂಡ ಅಂತ ಜನ ಅಂದರು. ಅಷ್ಟು ಅಂದದ್ದೂ ಅವಳಿಗೆ ಹಾರೈಕೆಯ ಹಾಗೆ ಕೇಳಿಸಿತು.

ಮಾಸ್ತರಿಗೆ ನಮಸ್ಕಾರ ಮಾಡಿ ಬಾ ಅಂತ ಮಗನನ್ನು ಕಳಿಸಿದಳು. ಅನಸಕ್ಕ ತಾಟಿನ ತುಂಬ ಶೇಂಗಾ ಉಂಡಿ ತಂದಿಟ್ಟಳು. "ನಾಚಬ್ಯಾಡೋ ತಮ್ಮಾ, ಎಲ್ಲಾ ತಿನ್ನು. ಇದೂ ನಿನ್ನ ಮನೀನ ಅಂತ ತಿಳ್ಕೊ" ಅಂದಳು.

ಅವರು ಏನಂತಾರೋ ಅಷ್ಟ ಮಾಡು ಅಂತ ಅವ್ವ ಹೇಳಿದ್ದಳಲ್ಲ. ನಾಚಲಿಲ್ಲ. ಹನ್ನೊಂದು ಉಂಡಿಯನ್ನೂ ತಿಂದ. ಅಂಗಿ ಬಿಚ್ಚಿ ಮಾಸ್ತರ ಗೂಟಕ್ಕೆ ಹಾಕಿದ. ಮಾಸ್ತರ ಮಂಚದ ಮೇಲೆ ಮಲಗಿ ಗೊರಕೆ ಹೊಡೆದ.

ಈ ಸಲ ನಿಂಬೆವ್ವನಿಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಯಿತು. ನಾಳೆ ಕಾಲೇಜಿನಲ್ಲೂ ಹೀಗೇ ಮಾಡಿದರೆ? ಚಹಾ ಕೊಟ್ಟರೆ ಕೆಟಲಿಯನ್ನೇ ಎತ್ತಿದರೆ? ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ನೋಡ ಮಗನ, ಮಂದಿ ಮನ್ಯಾಗ ಏನ ಕೊಟ್ರೂ ತಟ್ಟನ ಕೈ ಚಾಚಬಾರದು. ಆಶಾಬುರಕ ಅಂತಾರ. ಒಮ್ಮಿ ಕೇಳಿದ್ರ 'ಬ್ಯಾಡ್ರಿ' ಅನ್ನು. ಮತ್ತ ಕೇಳಿದ್ರ ಮತ್ತ 'ಬ್ಯಾಡ್ರಿ' ಅನ್ನು. ಮೂರನೇ ಸಲ ಒತ್ತಾಯ ಮಾಡಿದ್ರ, 'ಆತ್ರಿ, ನೀವು ಇಷ್ಟ ಹೇಳಿದ ಮ್ಯಾಲೆ ಹೆಂಗ ಒಲ್ಲೆ ಅನ್ಲಿ' ಅಂತ ತಗೋ. ಮರ್ಯಾದಸ್ತರ ಮಕ್ಕಳು ಹಿಂಗ ಇರ್ತಾರ."

"ಏನ ಕೊಟ್ರೂ, ಯವ್ವಾ?"

"ಏನ ಕೊಟ್ರೂ!"

"ಆಗಲೆವ್ವ, ಹಂಗ ಮಾಡ್ತೀನಿ."

ನಮ್ಮ ಕಡೆ ಯಾರ ಮನೆಯಲ್ಲೂ ಇದೇ ರಿವಾಜು ಅಲ್ಲವೇ? ಮೊದಲ ಸಲವೇ ತಾಟಿನ ಮುಂದೆ ಕೂತವನನ್ನು ನಾವು ಹಿಂದೆ ಆಡಿಕೊಳ್ಳುತ್ತೇವೆ. ಅವಳು ಕಲಿಸಿದ್ದರಲ್ಲಿ ತಪ್ಪು ಹುಡುಕಿದರೆ ನಮ್ಮ ತಪ್ಪೂ ಸಿಗುತ್ತದೆ.

ಹೇಳಿದ ದಿನ ಇಬ್ಬರೂ ಹೋದರು. ಮಗನನ್ನು ಒಳಗೆ ಕರೆದರು. ನಿಂಬೆವ್ವ ಹೊರಗೆ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಇನ್ನೊಬ್ಬ ಹುಡುಗ, ಅವನ ಅಪ್ಪ. ಇವರದು ಕಾಯುವ ಪಟ್ಟಿಯಂತೆ. ಯಾರಾದರೂ ಸೀಟು ಬಿಟ್ಟರೆ ಮಾತ್ರ ಇವರಿಗೆ.

ಜವಾನ ಟ್ರೇಯಲ್ಲಿ ಎರಡು ಕಪ್ ಚಹಾ ಹಿಡಿದು ಒಳಗೆ ಹೋದ. ನಿಂಬೆವ್ವ ಬಾಗಿಲ ಕಡೆ ಕಿವಿಗೊಟ್ಟಳು. ಪ್ರಿನ್ಸಿಪಾಲ ಮೇಡಂ ಏನೋ ಮೆಲ್ಲಗೆ ಕೇಳಿದರು, ಅದು ಹೊರಗೆ ಕೇಳಲಿಲ್ಲ. ಮಗನ ದನಿ ಮಾತ್ರ ಗಂಟೆ ಹೊಡೆದ ಹಾಗೆ ಕೇಳಿತು.

"ಬ್ಯಾಡ್ರಿ!"

ನಿಂಬೆವ್ವನ ಜೀವ ತಂಪಾಯಿತು. ಮೇಡಂ ಮತ್ತೆ ಏನೋ ಕೇಳಿದರು.

"ಬ್ಯಾಡ್ರಿ!"

"ಎರಡಾತು" ಅಂತ ಬೆರಳು ಮಡಿಚಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಹೇಳಿದ್ದನ್ನು ಹೇಳಿದಲ್ಲೇ ಮಾಡುತ್ತಿದ್ದಾನೆ! ಕಣ್ಣಲ್ಲಿ ನೀರು ಬಂತು. ತಡೆಯಲಾರದೆ ಪಕ್ಕದವನಿಗೆ ಹೇಳಿದಳು. "ನನ್ನ ಮಗಾರಿ. ಭಾಳ ಸಂಭಾವಿತ."

ಬಾಗಿಲು ತೆರೆಯಿತು. ಜವಾನ ಬಂದು ಪಕ್ಕದ ಹುಡುಗನನ್ನೂ ಅವನ ಅಪ್ಪನನ್ನೂ ಒಳಗೆ ಕರೆದ. ತಿರಕಪ್ಪ ಹೊರಗೆ ಬಂದು ಅವ್ವನ ಪಕ್ಕ ಕೂತ. ಮುಖದಲ್ಲಿ ನಗು.

"ಚಹಾ ಕುಡದಿಯೇನೋ ಮಗನ?"

"ಚಹಾ ನನಗಲ್ಲವ್ವ. ಅದನ್ನ ಮೇಡಂ ಅವರು, ಅಲ್ಲಿದ್ದ ಕ್ಲಾರ್ಕರು ಕುಡದ್ರು. ನನಗ ಸೀಟ ಕೊಟ್ರು."

"ಸೀಟ ಕೊಟ್ರಾ?"

"ಹೂಂ. 'ನಿನಗ ಸೀಟ ಕೊಡ್ತೀನಪಾ, ನಿನ್ನ ಮನಸ್ಸಿಗೆ ಬಂದೈತೇನು, ತಗೋತೀಯೇನು' ಅಂದ್ರು. ಬ್ಯಾಡ್ರಿ ಅಂದೆ. 'ಯಾರ ಒತ್ತಾಯಕ್ಕರ ಬಂದೀಯೇನು, ವಿಚಾರ ಮಾಡಿ ಹೇಳು, ಖರೇನ ಬ್ಯಾಡೇನು' ಅಂದ್ರು. ಬ್ಯಾಡ್ರಿ ಅಂದೆ. ಇನ್ನ ಮೂರನೇ ಸಲ ಕೇಳ್ತಾರ. ಇಲ್ಲೇ ಕೂಡೋಣು ಯವ್ವಾ."

ನಿಂಬೆವ್ವ ಎದ್ದವಳೇ ಒಳಗೆ ನುಗ್ಗಿದಳು. ಆ ಇನ್ನೊಬ್ಬ ಹುಡುಗ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕುತ್ತಿದ್ದ. ಅವನ ಅಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಸಂತೋಷಕ್ಕೆ ಅಳುತ್ತಿದ್ದ.

"ಯವ್ವಾ, ನನ್ನ ಮಗ ಮರ್ಯಾದಿಗೆ ಬ್ಯಾಡ ಅಂದಾನ್ರಿ! ನಾನ ಕಲಿಸಿದ್ದೆ! ಇನ್ನೊಂದ ಸಲ ಕೇಳ್ರಿ ಅವಂಗ! ಒಂದ ಸಲ!"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಂದೆ ತಿರಕಪ್ಪನ ಹಾಳೆ ಇತ್ತು. "ನಿಮ್ಮ ಮಗನ ಹಾಳಿ ಓದಿ ನಾನು ಅವತ್ತ ಮೊದಲನೇ ಹೆಸರು ಇವಂದ ಬರದಿದ್ದೆನವ್ವ. ಎರಡ ಸಲ ಕೇಳಿದೆ. ಊಟಕ್ಕಾದ್ರ ನಾನೂ ಮೂರ ಸಲ ಕರೀತಿದ್ದೆ. ಇದಕ್ಕೂ ಹಂಗ ಅಂತಾನ ಅಂತ ನನಗೇನ ಗೊತ್ತು?" ಆಮೇಲೆ ಆ ಹುಡುಗನ ಕಡೆ ನೋಡಿದರು. "ಈಗ ಯಾರ ಕೈಯಾಗಿಂದ ಕಸಗೊಂಡು ಕೊಡ್ಲಿ, ನೀವ ಹೇಳ್ರಿ."

ನಿಂಬೆವ್ವ ಆ ಅಪ್ಪನ ಮುಖ ನೋಡಿದಳು. ಇವನಿಂದ ಕಸಿದು ಕೊಡಿ ಅನ್ನುವ ಮಾತು ಬಾಯಿಗೆ ಬಂದಿತ್ತು, ಹೊರಡಲಿಲ್ಲ. ಕೈಮುಗಿದು ಹೊರಗೆ ಬಂದಳು.

ಬೆಂಚಿನ ಮೇಲೆ ಮಗ ಬಾಗಿಲ ಕಡೆ ನೋಡುತ್ತ ನೆಟ್ಟಗೆ ಕೂತಿದ್ದ. ಬೈಯಬೇಕು ಅಂದುಕೊಂಡಳು. ಏನು ಅಂತ ಬೈಯುವುದು? ಇಷ್ಟು ವರ್ಷ ಅದು ಮಾಡು, ಇದು ಅನ್ನು ಅಂತ ತಾನು ಹೇಳಿದಳು, ಅವನು ಒಂದನ್ನೂ ಮೀರಲಿಲ್ಲ. ನಿನಗೆ ಏನು ಬೇಕೋ ಅಂತ ಅವಳು ಒಂದು ಸಲವೂ ಕೇಳಿರಲಿಲ್ಲ. ಗುರುತಿಲ್ಲದ ಆ ಹೆಣ್ಣುಮಗಳು ಎರಡು ಸಲ ಕೇಳಿದ್ದಳು, ಅದಕ್ಕೂ ಉತ್ತರವನ್ನು ಅವ್ವನೇ ಕಲಿಸಿ ಕಳಿಸಿದ್ದಳು. ನಿಂಬೆವ್ವ ಮಗನ ಪಕ್ಕ ಕೂತಳು.

ಐದು ಗಂಟೆಯಾಯಿತು. ಮೇಡಂ ಹೋದರು. ಎಲ್ಲರೂ ಹೋದರು. ಜವಾನ ಬೀಗ ಹಿಡಿದು ಬಂದ.

"ಕಾಲೇಜ ಮುಚ್ಚತೈತ್ರಿ, ಮನಿಗೆ ಹೋಗ್ರಿ."

"ಬ್ಯಾಡ್ರಿ" ಅಂದ ತಿರಕಪ್ಪ.

ಜವಾನ ಒಳಗೆ ಹೋಗಿ ಕಿಟಕಿ ಮುಚ್ಚಿ ಬಂದ. "ಏಳೋ ತಮ್ಮಾ, ಹೊತ್ತಾತು, ಮನಿಗೆ ನಡಿ."

"ಬ್ಯಾಡ್ರಿ."

ಜವಾನನೂ ಮನುಷ್ಯ. ಪಕ್ಕದಲ್ಲಿದ್ದ ತಾಯಿಯ ಮುಖ ನೋಡಿ ಅವನು ದನಿ ಇಳಿಸಿದ. ತಿರಕಪ್ಪನ ಭುಜದ ಮೇಲೆ ಕೈಯಿಟ್ಟು, "ಕೈ ಮುಗೀತೀನಪಾ, ಇಲ್ಲಿ ಇನ್ನ ಏನೂ ಇಲ್ಲ, ಮನಿಗೆ ಹೋಗು" ಅಂದ.

ತಿರಕಪ್ಪನ ಮುಖ ಅರಳಿತು. ಚಂಗನೆ ಎದ್ದು ನಿಂತು ಎರಡೂ ಕೈ ಜೋಡಿಸಿದ. "ಆತ್ರಿ, ನೀವು ಇಷ್ಟ ಹೇಳಿದ ಮ್ಯಾಲೆ ಹೆಂಗ ಒಲ್ಲೆ ಅನ್ಲಿ" ಅಂದ. ಅಂದು ಅವ್ವನ ಕಡೆ ತಿರುಗಿದ.

"ಯವ್ವಾ, ಈ ಸಲ ಬರೋಬರಿ ಮಾಡಿದ್ನಿಲ್ಲ?"

"ಹೂಂ ನನ್ನಪ್ಪ" ಅಂದಳು ನಿಂಬೆವ್ವ. "ಬರೋಬರಿ ಮಾಡಿದಿ."

ಅವ್ವ ಬರೋಬರಿ ಅಂದದ್ದು ಅವತ್ತೇ ಮೊದಲು. ಅವನು ಆ ಸಂತೋಷದಲ್ಲಿ ಬಸ್‌ಸ್ಟ್ಯಾಂಡಿನ ತನಕ 'ಬ್ಯಾಡ್ರಿ, ಬ್ಯಾಡ್ರಿ, ಆತ್ರಿ' ಅಂತ ಹೇಳಿಕೊಳ್ಳುತ್ತ ಅವಳ ಮುಂದೆ ಮುಂದೆ ನಡೆದ.